ಚೂರು ಕಾಗದದ ಚರಿತ್ರಕಾರ: ಜೆಫರ್ಸನ್ ಬರ್ಡಿಕ್

ಯಾವುದನ್ನು ಕಾಪಾಡಬೇಕು, ಯಾವುದನ್ನು ಕಸದ ಬುಟ್ಟಿಗೆ ಬಿಡಬೇಕು ಎಂಬ ನಿರ್ಣಯವನ್ನು ಪ್ರತಿಯೊಂದು ಕಾಲವೂ ತನಗೆ ತೋಚಿದಂತೆ ಮಾಡಿಕೊಳ್ಳುತ್ತದೆ. ಅರಸನ ದಾನಶಾಸನಕ್ಕೆ ಕಲ್ಲು ದೊರೆಯುತ್ತದೆ. ಸಂತೆಯಲ್ಲಿ ಕೂಗಿದ ಮಾತು ಗಾಳಿಯ ಪಾಲಾಗುತ್ತದೆ. ಮಹಾಕವಿಯ ಕಾವ್ಯಕ್ಕೆ ಪ್ರತಿಕಾರರು ಸಿಕ್ಕುತ್ತಾರೆ. ಅಂಗಡಿಯ ಪೊಟ್ಟಣದೊಳಗೆ ಬಂದ ಚಿತ್ರವನ್ನು ಎತ್ತಿಡುವವರು ಇರುವುದಿಲ್ಲ. ಆದರೆ ಒಂದು ನಾಡಿನ ಸಾಮಾನ್ಯ ಜನ ಯಾವುದನ್ನು ಕಂಡು ಹಿಗ್ಗಿದರು, ಯಾರನ್ನು ಮೆಚ್ಚಿ ಕೊಂಡಾಡಿದರು, ಅವರ ಮನೆಯ ಮಕ್ಕಳು ಏನನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದರು ಎಂಬುದನ್ನು ಅರಿಯಬೇಕಾದಾಗ, ಆ ಪೊಟ್ಟಣದ ಚಿತ್ರವೇ ಅನೇಕ ವೇಳೆ ಶಾಸನಕ್ಕಿಂತ ಮಿಗಿಲಾದ ಸಾಕ್ಷಿಯಾಗುತ್ತದೆ. ಈ ಸತ್ಯವನ್ನು ಕಂಡುಕೊಂಡು, ಅದಕ್ಕಾಗಿ ತನ್ನ ಆಯುಷ್ಯವನ್ನೇ ಸವೆಸಿದವನು ಅಮೆರಿಕದ ಜೆಫರ್ಸನ್ ಆರ್. ಬರ್ಡಿಕ್. ಆತನು ಪಂಡಿತನಲ್ಲ, ಧನಿಕನಲ್ಲ, ಕಲಾವಿದನೂ ಅಲ್ಲ. ಕಾರ್ಖಾನೆಯೊಂದರಲ್ಲಿ ವಿದ್ಯುತ್ ಉಪಕರಣಗಳ ಬಿಡಿಭಾಗಗಳನ್ನು ಜೋಡಿಸುತ್ತಿದ್ದ ಕೆಲಸಗಾರ. ಆದರೂ ಜಗತ್ತಿನ ದೊಡ್ಡ ಕಲಾಸಂಗ್ರಹಾಲಯಗಳಲ್ಲಿ ಒಂದಾದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದು ಆತನ ಹೆಸರಿನ ಸಂಗ್ರಹವೊಂದಿದೆ. ಅದರಲ್ಲಿರುವ ವಸ್ತುಗಳ ಸಂಖ್ಯೆ 3 ಲಕ್ಷವನ್ನು ಮೀರುತ್ತದೆ. ಅವುಗಳಲ್ಲಿ ಸುಮಾರು 30 ಸಾವಿರ, ಬೇಸ್‌ಬಾಲ್ ಆಟಗಾರರ ಚಿತ್ರಗಳಿರುವ ಕಾರ್ಡುಗಳು.

ಈ ಕಾರ್ಡುಗಳ ಪೂರ್ವಕಥೆಯನ್ನು ತಿಳಿಯದೆ ಬರ್ಡಿಕ್‌ನ ಕಾರ್ಯದ ಮಹತ್ತ್ವ ಮನಗಾಣುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಸಿಗರೇಟುಗಳು ಮೆತುವಾದ ಕಾಗದದ ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದ್ದವು. ಪೊಟ್ಟಣ ಮುದುರಿ ಒಳಗಿನ ಸಿಗರೇಟು ಮುರಿಯದಿರಲೆಂದು ಅದರಲ್ಲಿ ಗಟ್ಟಿ ಕಾಗದದ ಚೂರೊಂದನ್ನು ಇಡುತ್ತಿದ್ದರು. 1880ರ ದಶಕದಲ್ಲಿ ಜೇಮ್ಸ್ ಬೋನ್ಸಾಕ್ ಎಂಬಾತನ ಯಂತ್ರ ಬಳಕೆಗೆ ಬಂದು ಸಿಗರೇಟುಗಳು ಅಪಾರ ಸಂಖ್ಯೆಯಲ್ಲಿ ತಯಾರಾಗತೊಡಗಿದಾಗ, ಅವುಗಳನ್ನು ಕೊಳ್ಳುವವರನ್ನೂ ಹುಡುಕಬೇಕಾಯಿತು. ಆಗ ವ್ಯಾಪಾರಿಗಳ ಕಣ್ಣು ಬರಿದಾಗಿದ್ದ ಆ ಗಟ್ಟಿ ಕಾಗದದ ಮೇಲೆ ಬಿತ್ತು. ಅದರ ಮೇಲೆ ಚಿತ್ರವನ್ನು ಅಚ್ಚುಹಾಕಿ, ಚಿತ್ರಗಳನ್ನು ಮಾಲೆಗಳಾಗಿ ಹೊರತಂದರೆ, ಮಾಲೆಯನ್ನು ಪೂರ್ತಿಮಾಡುವ ಆಸೆಯಿಂದ ಜನ ಮತ್ತೆ ಮತ್ತೆ ಅದೇ ಗುರುತಿನ ಸಿಗರೇಟನ್ನು ಕೊಳ್ಳುವರೆಂಬುದು ಅವರ ಲೆಕ್ಕ. ವರ್ಜೀನಿಯದ ರಿಚ್ಮಂಡಿನ ಆ್ಯಲನ್ ಮತ್ತು ಗಿಂಟರ್ ಸಂಸ್ಥೆ 1887ರಲ್ಲಿ ಜಗತ್ತಿನ 50 ವೀರರ ಮಾಲೆಯೊಂದನ್ನು ಹೊರಡಿಸಿತು. ಅದರಲ್ಲಿ ಮುಷ್ಟಿಮಲ್ಲರು, ದೋಣಿ ನಡೆಸುವವರು, ಗುರಿಕಾರರು ಇವರೊಂದಿಗೆ 10 ಮಂದಿ ಬೇಸ್‌ಬಾಲ್ ಆಟಗಾರರಿಗೂ ಸ್ಥಾನ ದೊರೆಯಿತು. ಅದೇ ಕಾಲಕ್ಕೆ ನ್ಯೂಯಾರ್ಕಿನ ಗುಡ್ವಿನ್ ಸಂಸ್ಥೆ ತನ್ನ ಓಲ್ಡ್ ಜಡ್ಜ್ ಎಂಬ ಸಿಗರೇಟಿನೊಂದಿಗೆ ನೂರಾರು ಆಟಗಾರರ ಛಾಯಾಚಿತ್ರಗಳನ್ನು ಕೊಡತೊಡಗಿತು. ಅಂದಿನ ಕ್ಯಾಮರಾಗಳಿಗೆ ಚಲನೆಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ಆದುದರಿಂದ ಚಿತ್ರಶಾಲೆಯಲ್ಲಿ ಚೆಂಡನ್ನು ದಾರದಿಂದ ತೂಗುಬಿಟ್ಟು, ಆಟಗಾರನು ಅದನ್ನು ಹಿಡಿಯುವಂತೆಯೋ ಹೊಡೆಯುವಂತೆಯೋ ನಿಲ್ಲಿಸಿ ಚಿತ್ರ ತೆಗೆಯುತ್ತಿದ್ದರು. ಕೆಲವು ಕಾರ್ಡುಗಳಲ್ಲಿ ಆ ದಾರ ಈಗಲೂ ಕಣ್ಣಿಗೆ ಬೀಳುತ್ತದೆ.

1890ರಲ್ಲಿ ಪ್ರಮುಖ ತಂಬಾಕು ಸಂಸ್ಥೆಗಳೆಲ್ಲ ಒಂದಾಗಿ ಅಮೆರಿಕನ್ ಟೊಬ್ಯಾಕೊ ಕಂಪನಿಯೆಂಬ ಮಹಾಸಂಸ್ಥೆಯಾಯಿತು. ಸ್ಪರ್ಧೆ ಅಡಗಿದ ಮೇಲೆ ಚಿತ್ರದ ಆಮಿಷಕ್ಕೆ ಕಾರಣ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಕಾರ್ಡುಗಳು ಕಣ್ಮರೆಯಾದವು. ಅವು ಮತ್ತೆ ವಿಜೃಂಭಿಸಿದುದು 1909ರಿಂದ 1911ರವರೆಗಿನ ಅವಧಿಯಲ್ಲಿ. ಒಂದೂವರೆ ಅಂಗುಲಕ್ಕೆ ತುಸು ಕಡಮೆ ಅಗಲ, ಎರಡೂವರೆ ಅಂಗುಲಕ್ಕೆ ತುಸು ಹೆಚ್ಚು ಉದ್ದವುಳ್ಳ, ಬಿಳಿಯ ಅಂಚಿನ, ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿತವಾದ ಆ ಮಾಲೆಯಲ್ಲಿ 524 ಕಾರ್ಡುಗಳಿದ್ದವು. 16 ಗುರುತಿನ ತಂಬಾಕಿನೊಡನೆ ಅವು ದೇಶದ ಮೂಲೆಮೂಲೆಗೂ ಹರಡಿದವು. 1911ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಮಹಾಸಂಸ್ಥೆಯನ್ನು ಒಡೆಯುವಂತೆ ತೀರ್ಪಿತ್ತಿತು. ಆ ಮಾಲೆಯ ಮುದ್ರಣವೂ ಅದೇ ವರ್ಷಕ್ಕೆ ಮುಗಿಯಿತು.

ಜೆಫರ್ಸನ್ ಬರ್ಡಿಕ್ ಹುಟ್ಟಿದುದು 1900ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಉತ್ತರಭಾಗದಲ್ಲಿರುವ ಸೆಂಟ್ರಲ್ ಸ್ಕ್ವೇರ್ ಎಂಬ ಹಳ್ಳಿಯಲ್ಲಿ. ಅವನದು ಬೇಸಾಯದ ಮನೆತನ. ಬಿಳಿಯಂಚಿನ ಆ ಕಾರ್ಡುಗಳು ಪೊಟ್ಟಣಗಳಿಂದ ಉದುರುತ್ತಿದ್ದಾಗ ಆತನಿಗೆ ಒಂಬತ್ತು ಹತ್ತರ ವಯಸ್ಸು. ಸಿಗರೇಟು ಸೇದುವವರು ಹಿರಿಯರು, ಕಾರ್ಡು ಬೇಡುವವರು ಹುಡುಗರು. ನಮ್ಮಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಟ್ಟ ಬಾಲಕರಿಗೆ ಆ ಹಂಬಲವನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇರೆ ಚಿತ್ರಗಳು ದೊರೆಯಲೆಂದು ತಂದೆಗೆ ಸಿಗರೇಟಿನ ಗುರುತನ್ನು ಬದಲಿಸುವಂತೆ ದುಂಬಾಲುಬೀಳುವುದು ಅಂದಿನ ಹುಡುಗರಿಗೆ ಸಾಮಾನ್ಯವಾಗಿತ್ತು. ಬರ್ಡಿಕ್‌ನ ಬಾಲ್ಯವೂ ಇದಕ್ಕೆ ಹೊರತಾಗಿರಲಿಲ್ಲ. ಎಲ್ಲ ಹುಡುಗರಂತೆ ಅವನೂ ಕೂಡಿಟ್ಟನು. ಆದರೆ ಎಲ್ಲ ಹುಡುಗರಂತೆ ಬೆಳೆದ ಮೇಲೆ ಅದನ್ನು ಮರೆತುಬಿಡಲಿಲ್ಲ.

ಆತನು ಸಿರಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಓದಿ 1922ರಲ್ಲಿ ಶಿಕ್ಷಣವನ್ನು ಮುಗಿಸಿದನು. ಮುಂದೆ ಅದೇ ಊರಿನ ಕ್ರೌಸ್–ಹೈಂಡ್ಸ್ ಎಂಬ ಸಂಸ್ಥೆಯಲ್ಲಿ ಆತನಿಗೆ ಉದ್ಯೋಗ ದೊರೆಯಿತು. ರಸ್ತೆಯ ಸಂಚಾರದೀಪಗಳಿಗೂ ವಿದ್ಯುತ್ ಉಪಕರಣಗಳಿಗೂ ಹೆಸರಾದ ಕಾರ್ಖಾನೆ ಅದು. ಅಲ್ಲಿ ಆತನ ಕೆಲಸ ಸಣ್ಣ ಸಣ್ಣ ಭಾಗಗಳನ್ನು ಜೋಡಿಸುವುದು. ಬೆರಳಿನ ಚುರುಕನ್ನೂ ಕಣ್ಣಿನ ಏಕಾಗ್ರತೆಯನ್ನೂ ಬೇಡುವ ಈ ಕೆಲಸವನ್ನು ನಂಬಿದವನಿಗೆ ವಿಧಿ ಕೊಟ್ಟ ರೋಗವೆಂದರೆ ಸಂಧಿವಾತ. ಯೌವನ ಕಳೆಯುವ ಮೊದಲೇ ಆತನ ಕೀಲುಗಳು ಬಿಗಿಯತೊಡಗಿದವು. ವರ್ಷ ಕಳೆದಂತೆ ಬೆನ್ನು ಬಾಗಿತು, ಬೆರಳುಗಳು ಸೊಟ್ಟಗಾದವು. ಆತನು ಮದುವೆಯಾಗಲಿಲ್ಲ. ಸಣ್ಣ ಸಂಬಳ, ಬಾಡಿಗೆಯ ಕೋಣೆ, ಬಿಡದ ನೋವು. ಹೊರಗಿನ ದೃಷ್ಟಿಗೆ ಆತನ ಜೀವನದಲ್ಲಿ ಹೇಳಿಕೊಳ್ಳುವಂಥ ಘಟನೆಗಳೇ ಇಲ್ಲ. ನಿಜವಾದ ಘಟನೆಗಳೆಲ್ಲ ನಡೆದುದು ಸಂಜೆಯ ಹೊತ್ತು, ಮೇಜಿನ ಮೇಲೆ, ಕಾರ್ಡುಗಳ ನಡುವೆ.

1930ರ ದಶಕ ಅಮೆರಿಕಕ್ಕೆ ಆರ್ಥಿಕ ಮುಗ್ಗಟ್ಟಿನ ಕಾಲ. ಅದೇ ದಶಕದಲ್ಲಿ ಅಗಿಯುವ ಗೋಂದಿನ ಮಿಠಾಯಿಯೊಂದಿಗೆ ಕಾರ್ಡು ಕೊಡುವ ಹೊಸ ಪದ್ಧತಿ ಬಲಗೊಂಡಿತು. ಬಾಸ್ಟನ್ನಿನ ಗೌಡಿ ಸಂಸ್ಥೆ 1933ರಲ್ಲಿ ಹೊರತಂದ ಬೇಸ್‌ಬಾಲ್ ಮಾಲೆ ಇಂದಿಗೂ ಪ್ರಸಿದ್ಧವಾಗಿದೆ. ಹೊಸ ಕಾರ್ಡುಗಳನ್ನು ಮಕ್ಕಳು ಕೂಡಿಸುತ್ತಿದ್ದರು. ಹಳೆಯ ಸಿಗರೇಟು ಕಾರ್ಡುಗಳು ಮಾತ್ರ ಅಟ್ಟಗಳ ಮೇಲೆ ಧೂಳು ತಿನ್ನುತ್ತಿದ್ದವು. ಅವುಗಳನ್ನು ಪ್ರೀತಿಸುವ ಕೆಲವರು ದೇಶದಲ್ಲಿ ಅಲ್ಲಲ್ಲಿ ಇದ್ದರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದು. ಯಾವ ಮಾಲೆಯಲ್ಲಿ ಎಷ್ಟು ಕಾರ್ಡುಗಳಿವೆ, ಯಾವುದು ಯಾವ ವರ್ಷದ್ದು ಎಂಬುದು ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಕಾರ್ಡುಗಳ ಮೇಲೆ ಅನೇಕ ವೇಳೆ ವರ್ಷವೂ ಇಲ್ಲ, ಸಂಖ್ಯೆಯೂ ಇಲ್ಲ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಕಷ್ಟದ ಪರಿಚಯ ಚೆನ್ನಾಗಿಯೇ ಉಂಟು: ಮೊದಲನೆಯ ಗರಿಯೂ ಕೊನೆಯ ಗರಿಯೂ ಹೋಗಿರುವ ಓಲೆಯ ಕಟ್ಟನ್ನು ಎದುರಿಗಿಟ್ಟುಕೊಂಡು, ಕವಿ ಯಾರು, ಕಾಲ ಯಾವುದು ಎಂದು ನಿಷ್ಕರ್ಷಿಸಬೇಕಾದ ಕಷ್ಟ ಅದು.

ಬರ್ಡಿಕ್ ಮಾಡಿದ ಮೊದಲನೆಯ ಕೆಲಸ, ಚದುರಿಹೋಗಿದ್ದ ಸಂಗ್ರಾಹಕರನ್ನು ಒಂದುಗೂಡಿಸಿದುದು. 1937ರಲ್ಲಿ ಆತನು ಕಾರ್ಡ್ ಕಲೆಕ್ಟರ್ಸ್ ಬುಲೆಟಿನ್ ಎಂಬ ಪುಟ್ಟ ಪತ್ರಿಕೆಯನ್ನು ಆರಂಭಿಸಿದನು. ಯಾರ ಬಳಿ ಯಾವ ಮಾಲೆ ಇದೆ, ಯಾವ ಕಾರ್ಡು ಹೊಸದಾಗಿ ಕಂಡುಬಂದಿದೆ ಎಂಬ ಸುದ್ದಿ ಅದರ ಮೂಲಕ ಊರಿಂದೂರಿಗೆ ತಲುಪಿತು. ಓದುಗರು ತಮ್ಮ ಪಟ್ಟಿಗಳನ್ನು ಬರೆದು ಕಳಿಸಿದರು. ಒಬ್ಬನ ಪಟ್ಟಿಯ ಕೊರತೆಯನ್ನು ಇನ್ನೊಬ್ಬನ ಪಟ್ಟಿ ತುಂಬಿತು. ಹೀಗೆ ಕೂಡಿಬಂದ ಸಾಮಗ್ರಿಯಿಂದ 1939ರಲ್ಲಿ ಅಮೆರಿಕದ ಕಾರ್ಡುಗಳ ಸೂಚಿಯೊಂದು ಪ್ರಕಟವಾಯಿತು. ಅಮೆರಿಕನ್ ಕಾರ್ಡ್ ಕ್ಯಾಟಲಾಗ್ ಎಂಬ ಹೆಸರಿನಲ್ಲಿ ಅದರ ವಿಸ್ತೃತ ಆವೃತ್ತಿಗಳು 1946, 1953 ಮತ್ತು 1960ರಲ್ಲಿ ಹೊರಬಂದವು. ಮುಂದೆ ಪತ್ರಿಕೆಯ ಹೊಣೆಯನ್ನು ಚಾರ್ಲ್ಸ್ ಬ್ರೇ ಎಂಬ ಮತ್ತೊಬ್ಬ ಸಂಗ್ರಾಹಕನಿಗೆ ಒಪ್ಪಿಸಿ, ಬರ್ಡಿಕ್ ತನ್ನ ಶಕ್ತಿಯನ್ನೆಲ್ಲ ಸೂಚಿಗೂ ಸಂಗ್ರಹಕ್ಕೂ ಮೀಸಲಿಟ್ಟನು.

ಆ ಸೂಚಿಯ ವರ್ಗೀಕರಣ ಬರ್ಡಿಕ್‌ನ ಬುದ್ಧಿಯ ನಿಚ್ಚಳತೆಗೆ ಸಾಕ್ಷಿಯಾಗಿದೆ. ಹತ್ತೊಂಬತ್ತನೆಯ ಶತಮಾನದ ತಂಬಾಕಿನ ಕಾರ್ಡುಗಳಿಗೆ ಎನ್, ಇಪ್ಪತ್ತನೆಯ ಶತಮಾನದ ತಂಬಾಕಿನ ಕಾರ್ಡುಗಳಿಗೆ ಟಿ, ಮಿಠಾಯಿ ಗೋಂದುಗಳೊಂದಿಗೆ ಮೊದಲ ಕಾಲದಲ್ಲಿ ಬಂದವುಗಳಿಗೆ ಇ, ಅನಂತರ ಬಂದವುಗಳಿಗೆ ಆರ್, ರೊಟ್ಟಿ ಅಂಗಡಿಯವುಗಳಿಗೆ ಡಿ. ಹೀಗೆ ಪ್ರತಿಯೊಂದು ವರ್ಗಕ್ಕೆ ಒಂದು ಅಕ್ಷರ, ಪ್ರತಿಯೊಂದು ಮಾಲೆಗೆ ಒಂದು ಸಂಖ್ಯೆ. ಓಲ್ಡ್ ಜಡ್ಜ್ ಮಾಲೆ ಎನ್-172 ಆಯಿತು. ಗೌಡಿಯ ಮಾಲೆ ಆರ್-319. ಬಾಲ್ಯದಲ್ಲಿ ಆತನು ಕಂಡ ಬಿಳಿಯಂಚಿನ ಮಾಲೆ ಟಿ-206. ಹೆಸರಿಲ್ಲದ ರಾಶಿಗೆ ಹೀಗೆ ವಿಳಾಸ ದೊರೆಯಿತು. ಬರ್ಡಿಕ್ ತೀರಿಹೋಗಿ 60 ವರ್ಷಗಳ ಮೇಲಾದರೂ ಸಂಗ್ರಾಹಕರು, ಹರಾಜಿನವರು, ವಿದ್ವಾಂಸರು ಇಂದಿಗೂ ಈ ಮಾಲೆಗಳನ್ನು ಆತನು ಕೊಟ್ಟ ಸಂಖ್ಯೆಯಿಂದಲೇ ಕರೆಯುತ್ತಾರೆ. ಕರೆಯುವವರಲ್ಲಿ ಅನೇಕರು ಬರ್ಡಿಕ್‌ನ ಹೆಸರನ್ನು ಕೇಳಿಲ್ಲವೆಂಬುದು ಬೇರೆ ಮಾತು. ನಿಘಂಟನ್ನು ತೆರೆದವರೆಲ್ಲ ನಿಘಂಟುಕಾರನನ್ನು ನೆನೆಯುತ್ತಾರೆಯೆ?

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬೇಸ್‌ಬಾಲ್ ಕಾರ್ಡುಗಳ ಸಂಗ್ರಹಕ್ಕೆ ಪಿತಾಮಹನೆನಿಸಿದ ಈತನಿಗೆ ಬೇಸ್‌ಬಾಲಿನಲ್ಲಿ ಹೆಚ್ಚಿನ ಆಸಕ್ತಿ ಇರಲಿಲ್ಲ. ದೊಡ್ಡ ಪಂದ್ಯವೊಂದನ್ನು ನೋಡಲು ಆತನು ಎಂದೂ ಹೋಗಿರಲಿಲ್ಲವೆಂದು ಪ್ರತೀತಿ. ಹಕ್ಕಿಗಳ ಮಾಲೆ, ಬಾವುಟಗಳ ಮಾಲೆ, ನಟಿಯರ ಮಾಲೆ, ಅಂಚೆಯ ಚಿತ್ರಪತ್ರಗಳು, ವ್ಯಾಪಾರಿಗಳ ಜಾಹೀರಾತುಗಳು, ಪ್ರೇಮಿಗಳ ಶುಭಾಶಯಪತ್ರಗಳು, ಚುಟ್ಟದ ಸುತ್ತ ಇರುವ ಕಾಗದದ ಉಂಗುರಗಳು ಇವೆಲ್ಲವೂ ಆತನಿಗೆ ಸಮಾನವಾಗಿದ್ದವು. ಜನಸಾಮಾನ್ಯರ ಕೈಗೆ ಬಿಟ್ಟಿಯಾಗಿ ಬಂದ ಅಚ್ಚಿನ ಚಿತ್ರ ಎಂಬುದೊಂದೇ ಆತನಿಗೆ ಮುಖ್ಯ. ಈ ತಾಟಸ್ಥ್ಯದಿಂದ ಆತನ ಸಂಗ್ರಹಕ್ಕೆ ದೊಡ್ಡ ಲಾಭವೇ ಆಯಿತೆನ್ನಬೇಕು. ಆಟದ ಅಭಿಮಾನಿಯಾದವನು ತನ್ನ ಮೆಚ್ಚಿನ ವೀರನ ಚಿತ್ರವನ್ನು ಕಾಪಾಡಿ, ಉಳಿದುದನ್ನು ಬಿಟ್ಟುಬಿಡುತ್ತಾನೆ. ಬರ್ಡಿಕ್‌ಗೆ ಮಾಲೆ ಪೂರ್ಣವಾಗಬೇಕಿತ್ತು. ಅದರಲ್ಲಿ ಗೆದ್ದವನೂ ಬೇಕು, ಸೋತವನೂ ಬೇಕು.

ಟಿ-206ನ್ನೇ ತೆಗೆದುಕೊಳ್ಳೋಣ. ಅದರ 524 ಕಾರ್ಡುಗಳಲ್ಲಿ 390 ಎರಡು ಪ್ರಧಾನ ಲೀಗುಗಳ ಆಟಗಾರರವು. ಉಳಿದ 134 ಕೆಳಗಿನ ಮಟ್ಟದ ಲೀಗುಗಳಲ್ಲಿ ಆಡುತ್ತಿದ್ದವರವು. ಈ ಮಾಲೆಯ ಅತ್ಯಂತ ಪ್ರಸಿದ್ಧ ಕಾರ್ಡು ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರನದು. ಅದರ ಮುದ್ರಣ ಆರಂಭದಲ್ಲಿಯೇ ನಿಂತುಹೋಯಿತು. ತಂಬಾಕಿನ ಮೂಲಕ ಮಕ್ಕಳ ಕೈಗೆ ತನ್ನ ಚಿತ್ರ ಹೋಗುವುದು ಅವನಿಗೆ ಹಿಡಿಸಲಿಲ್ಲವೆಂದು ಕೆಲವರೂ, ಹಣದ ವಿಚಾರದಲ್ಲಿ ಒಪ್ಪಂದವಾಗಲಿಲ್ಲವೆಂದು ಕೆಲವರೂ ಹೇಳುತ್ತಾರೆ. ಕಾರಣ ಏನೇ ಇರಲಿ, ಇಂದು ತಿಳಿದಿರುವ ಪ್ರತಿಗಳು 60ರ ಆಸುಪಾಸು. ಬರ್ಡಿಕ್‌ನ ಸೂಚಿಯಲ್ಲಿ ಸಾಮಾನ್ಯ ಕಾರ್ಡುಗಳ ಬೆಲೆ ಕೆಲವು ಸೆಂಟುಗಳಾದರೆ, ಇದಕ್ಕೆ ಮಾತ್ರ 50 ಡಾಲರ್. ವ್ಯಾಗ್ನರ್ ಹೇಗೂ ಮಹಾ ಆಟಗಾರ. 1936ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಮೊದಲು ಆಯ್ಕೆಯಾದ ಐವರಲ್ಲಿ ಒಬ್ಬ. ಕಾರ್ಡು ಇಲ್ಲದಿದ್ದರೂ ಆತನ ಹೆಸರು ಉಳಿಯುತ್ತಿತ್ತು. ಕಾರ್ಡಿನ ಋಣ ನಿಜವಾಗಿ ಇರುವುದು ಉಳಿದವರ ಮೇಲೆ.

ಅವರಲ್ಲಿ ಮೂವರ ಮಾತನ್ನು ಇಲ್ಲಿ ಹೇಳಬಹುದು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು ಪಿಚರ್, ದಾಂಡಿಗನ ಹಿಂದೆ ಕುಳಿತು ಅದನ್ನು ಹಿಡಿಯುವವನು ಕ್ಯಾಚರ್. ಕ್ರಿಕೆಟ್ಟಿನ ಬೌಲರನನ್ನೂ ವಿಕೆಟ್ ಕೀಪರನನ್ನೂ ನೆನೆದರೆ ಸಾಕು. ಫಿಲಡೆಲ್ಫಿಯ ಅಥ್ಲೆಟಿಕ್ಸ್ ತಂಡದ ಕ್ಯಾಚರ್ ಮೈಕೇಲ್ ಪವರ್ಸ್ ವೈದ್ಯವಿದ್ಯೆಯಲ್ಲಿ ಪದವಿ ಪಡೆದವನು. ಆದುದರಿಂದಲೇ ಎಲ್ಲರಿಗೂ ಆತನು ಡಾಕ್ಟರ್ ಪವರ್ಸ್. ದಾಂಡು ಹಿಡಿದರೆ ಹೆಚ್ಚಿನ ಸಾಮರ್ಥ್ಯವಿಲ್ಲದಿದ್ದರೂ ಕ್ಯಾಚರನಾಗಿ ತಂಡಕ್ಕೆ ಬೇಕಾದವನು. 1909ರ ಏಪ್ರಿಲ್ 12ರಂದು ಫಿಲಡೆಲ್ಫಿಯದಲ್ಲಿ ಕಾಂಕ್ರೀಟು ಉಕ್ಕುಗಳಿಂದ ಕಟ್ಟಿದ ಶೈಬ್ ಪಾರ್ಕ್ ಎಂಬ ಹೊಸ ಕ್ರೀಡಾಂಗಣದ ಪ್ರಾರಂಭೋತ್ಸವ. ಆ ಪಂದ್ಯದಲ್ಲಿ ಆಡಿದ ಪವರ್ಸ್ ಅಂದೇ ಹೊಟ್ಟೆಯ ನೋವಿನಿಂದ ಕುಸಿದನು. ಶಸ್ತ್ರಚಿಕಿತ್ಸೆಗಳು ಫಲಿಸಲಿಲ್ಲ, ಏಪ್ರಿಲ್ 26ರಂದು, ತನ್ನ 38ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಮರುವರ್ಷ ಆತನ ಕುಟುಂಬದ ನೆರವಿಗಾಗಿ ಅದೇ ಅಂಗಣದಲ್ಲಿ ಸಹಾಯಾರ್ಥ ದಿನವೊಂದನ್ನು ಏರ್ಪಡಿಸಿದರು. ಟಿ-206 ಮಾಲೆ ಹೊರಬರಲು ತೊಡಗಿದುದು ಆತನು ಸತ್ತ ವರ್ಷದಲ್ಲಿಯೇ. ಆ ಮಾಲೆಯಲ್ಲಿ ಪವರ್ಸ್‌ನ ಚಿತ್ರವೂ ಉಂಟು.

ಎರಡನೆಯವನು ಲೂಥರ್ ಟೇಲರ್. ಹುಟ್ಟುಕಿವುಡ. ಕ್ಯಾನ್ಸಸ್ ಸಂಸ್ಥಾನದ ಕಿವುಡರ ಶಾಲೆಯಲ್ಲಿ ಕಲಿತವನು. 1900ರಿಂದ 1908ರವರೆಗೆ, ನಡುವೆ ಕೆಲವು ಕಾಲ ಬಿಟ್ಟರೆ, ನ್ಯೂಯಾರ್ಕ್ ಜೈಂಟ್ಸ್ ತಂಡದ ಪಿಚರನಾಗಿದ್ದ ಆತನು ಪ್ರಧಾನ ಲೀಗುಗಳಲ್ಲಿ ಒಟ್ಟು 116 ಪಂದ್ಯಗಳನ್ನು ಗೆದ್ದನು. 1904ರ ಒಂದೇ ಋತುವಿನಲ್ಲಿ 21. ಅಂದಿನ ಜನ ಕಿವುಡರಾದ ಆಟಗಾರರನ್ನು ಮೂಗರೆಂದೇ ಅಡ್ಡಹೆಸರಿಟ್ಟು ಕರೆಯುತ್ತಿದ್ದರು; ಟೇಲರನಿಗೂ ಆ ಹೆಸರು ತಪ್ಪಲಿಲ್ಲ. ಆದರೆ ತಂಡದ ನಾಯಕ ಜಾನ್ ಮೆಗ್ರಾ ತಾನೂ ಬೆರಳ ಭಾಷೆಯನ್ನು ಕಲಿತನು, ತನ್ನ ಆಟಗಾರರೂ ಕಲಿಯುವಂತೆ ಮಾಡಿದನು. ಟೇಲರನ ಕಾರ್ಡು ಅಚ್ಚಾಗುವ ಹೊತ್ತಿಗೆ ಆತನ ಏಳಿಗೆಯ ಕಾಲ ಕಳೆದಿತ್ತು. ಅದರಲ್ಲಿ ಆತನು ಕೆಳಗಿನ ಲೀಗಿನ ಬಫಲೊ ತಂಡದವನು. ಕಾರ್ಡು ಹೇಳುವುದು ಅಷ್ಟೆ. ಮುಂದೆ ಆತನು ಕಿವುಡರ ಶಾಲೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ ಮಕ್ಕಳಿಗೆ ಆಟ ಕಲಿಸಿದನು. ಇಲಿನಾಯ್ ಸಂಸ್ಥಾನದ ಶಾಲೆಯಲ್ಲಿ ಆತನ ಕೈಕೆಳಗೆ ಬೆಳೆದ ರಿಚರ್ಡ್ ಸೈಪೆಕ್ 1945ರಲ್ಲಿ ಸಿನ್ಸಿನಾಟಿ ತಂಡದಲ್ಲಿ ಆಡಿದನು. ಟೇಲರ್ ತೀರಿಕೊಂಡುದು 1958ರಲ್ಲಿ.

ಮೂರನೆಯವನಾದ ಜೋ ಡಾಯ್ಲ್‌ನದು ವಿಚಿತ್ರವಾದ ಕೀರ್ತಿ. ಆತನು ನ್ಯೂಯಾರ್ಕಿನ ಅಮೆರಿಕನ್ ಲೀಗ್ ತಂಡದ ಪಿಚರ್. 1906ರಲ್ಲಿ ತಾನು ಆರಂಭಿಸಿದ ಮೊದಲ ಎರಡು ಪಂದ್ಯಗಳಲ್ಲಿಯೂ ಎದುರಾಳಿಗೆ ಒಂದು ಓಟವನ್ನೂ ಬಿಟ್ಟುಕೊಡಲಿಲ್ಲ. ಆ ಭರವಸೆ ಫಲಿಸಲಿಲ್ಲ; 1910ಕ್ಕೆ ಆತನ ದೊಡ್ಡ ಆಟ ಮುಗಿಯಿತು. ಅದೇ ನಗರದ ನ್ಯಾಷನಲ್ ಲೀಗ್ ತಂಡದಲ್ಲಿ ಲ್ಯಾರಿ ಡಾಯ್ಲ್ ಎಂಬ ಮತ್ತೊಬ್ಬನಿದ್ದನು. ಅಚ್ಚಿನ ಮನೆಯವರು ಇಬ್ಬರಿಗೂ ಗೊಂದಲಮಾಡಿಕೊಂಡು ಜೋ ಡಾಯ್ಲ್‌ನ ಚಿತ್ರದ ಕೆಳಗೆ ನ್ಯಾಷನಲ್ ಲೀಗಿನ ಹೆಸರನ್ನು ಹಾಕಿ, ಬೇಗನೆ ತಿದ್ದಿದರು. ತಪ್ಪು ಉಳಿದ ಪ್ರತಿಗಳು ಬೆರಳೆಣಿಕೆಯಷ್ಟು. ಆದುದರಿಂದಲೇ ಅವು ಬಹು ಬೆಲೆಯವು. ಆಟದಿಂದ ದೊರೆಯದ ಅಮರತ್ವ ಆತನಿಗೆ ಅಚ್ಚಿನ ದೋಷದಿಂದ ದೊರೆಯಿತು.

ಬರ್ಡಿಕ್ ಈ ಚರಿತ್ರೆಗಳನ್ನು ಬರೆಯಲಿಲ್ಲ. ಅವುಗಳನ್ನು ಬರೆಯಬೇಕೆನ್ನುವವರಿಗೆ ಹಿಡಿಯಲು ಒಂದು ಎಳೆ ಉಳಿಯುವಂತೆ ನೋಡಿಕೊಂಡನು.

ತನ್ನ ದೇಹದ ಸ್ಥಿತಿಯನ್ನು ಆತನು ಬಲ್ಲವನಾಗಿದ್ದನು. ತನ್ನ ಮರಣಾನಂತರ ಸಂಗ್ರಹ ಚೂರುಚೂರಾಗಿ ಮಾರಾಟವಾಗಬಾರದೆಂಬ ಚಿಂತೆ ಆತನನ್ನು ಕಾಡತೊಡಗಿತು. 1947ರಲ್ಲಿ ಆತನು ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಪತ್ರ ಬರೆದು, ತನ್ನ ಸಂಗ್ರಹವನ್ನೆಲ್ಲ ದಾನವಾಗಿ ಕೊಡುವೆನೆಂದು ತಿಳಿಸಿದನು. ರೆಂಬ್ರಾಂಟ್, ಡ್ಯೂರರ್ ಮೊದಲಾದವರ ಕೃತಿಗಳಿರುವ ಮಂದಿರಕ್ಕೆ ಸಿಗರೇಟು ಪೊಟ್ಟಣದ ಚೂರುಗಳನ್ನು ಕಾಣಿಕೆಯಾಗಿ ಒಪ್ಪಿಸಹೋದವನ ಧೈರ್ಯ ಸಾಮಾನ್ಯವಲ್ಲ. ಅದನ್ನು ಒಪ್ಪಿಕೊಂಡವನ ಉದಾರದೃಷ್ಟಿಯೂ ಸಾಮಾನ್ಯವಲ್ಲ. ಮುದ್ರಿತ ಚಿತ್ರಗಳ ವಿಭಾಗಕ್ಕೆ ಆಗ ಮುಖ್ಯನಾಗಿದ್ದವನು ಎ. ಹಯಟ್ ಮೇಯರ್. ಅಚ್ಚಿನ ಚಿತ್ರದ ಚರಿತ್ರೆಯೆಂದರೆ ಮಹಾಕಲಾವಿದರ ಚರಿತ್ರೆ ಮಾತ್ರವಲ್ಲ, ಚಿತ್ರಗಳೊಡನೆ ಬಾಳಿದ ಜನರ ಚರಿತ್ರೆಯೂ ಹೌದೆಂಬುದು ಆ ವಿದ್ವಾಂಸನ ನಂಬಿಕೆ. ಆತನು ದಾನವನ್ನು ಸ್ವೀಕರಿಸಲು ಒಪ್ಪಿದನು. ಆದರೆ ಅಷ್ಟೊಂದು ಸಾಮಗ್ರಿಯನ್ನು ವಿಂಗಡಿಸಿ ಅಣಿಗೊಳಿಸುವ ಕೆಲಸವನ್ನು ಬರ್ಡಿಕ್ ತಾನೇ ಮಾಡಿಕೊಡಬೇಕಾಗಿತ್ತು. ಆ ಕೆಲಸವನ್ನು ಬಲ್ಲವರು ಬೇರೆ ಯಾರಿದ್ದರು?

ಹೀಗೆ ಆರಂಭವಾದ ದುಡಿಮೆ 15 ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಸಿರಕ್ಯೂಸಿನಿಂದ ಕಂತುಕಂತಾಗಿ ಕಾರ್ಡುಗಳು ಬಂದವು. ಕಾರ್ಖಾನೆಯ ಕೆಲಸ ಮಾಡುವ ಶಕ್ತಿ ಕುಂದಿದ ಮೇಲೆ, 1959ರ ಹೊತ್ತಿಗೆ, ಬರ್ಡಿಕ್ ಉದ್ಯೋಗವನ್ನು ಬಿಟ್ಟು ನ್ಯೂಯಾರ್ಕಿಗೆ ಬಂದು ನೆಲಸಿದನು. ಸಂಗ್ರಹಾಲಯದ ಒಂದು ಮೂಲೆಯಲ್ಲಿ ಆತನಿಗೊಂದು ಮೇಜು ಕೊಟ್ಟಿದ್ದರು. ಅಲ್ಲಿ ಕುಳಿತು ಒಂದೊಂದೇ ಕಾರ್ಡನ್ನು ಎತ್ತಿ, ಅದರ ಮಾಲೆಯನ್ನು ನಿರ್ಧರಿಸಿ, ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಅಂಟು ಹಚ್ಚಿ ಕೂರಿಸುವುದು. ಹಾಳೆಗಳು ತುಂಬಿದಂತೆ ಸಂಪುಟಗಳಾಗುವುದು. ಸಂಬಳವಿಲ್ಲದ ಕೆಲಸ. ಬಾಗಿದ ಬೆರಳುಗಳಿಂದ ಅಂಗೈಗಿಂತ ಚಿಕ್ಕದಾದ ಕಾಗದವನ್ನು ಸೊಟ್ಟಗಾಗದಂತೆ ಕೂರಿಸುವುದು ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು. 3 ಲಕ್ಷದ ರಾಶಿ ಎದುರಿಗಿತ್ತು. ಕೈ ದಿನದಿನಕ್ಕೆ ಸೋಲುತ್ತಿತ್ತು. ರಾಶಿ ಮೊದಲು ಕರಗುವುದೋ, ಕೈ ಮೊದಲು ನಿಲ್ಲುವುದೋ ಎಂಬ ಪಂದ್ಯವೇ ಆತನ ಕೊನೆಯ ವರ್ಷಗಳ ಕಥೆ. ಬೇಸ್‌ಬಾಲಿನ ಪಂದ್ಯವನ್ನು ನೋಡದ ಈತ ಆಡಿದ ಪಂದ್ಯ ಇದೊಂದೇ.

ಆ ಪಂದ್ಯದಲ್ಲಿ ಆತನು ಗೆದ್ದನು. 1963ರ ಜನವರಿ 10ರ ಸಂಜೆ ಕೊನೆಯ ಕಾರ್ಡನ್ನು ಅಂಟಿಸಿ ಮುಗಿಸಿ, ಅಲ್ಲಿದ್ದವರಿಗೆ ಹೇಳಿ, ಮೇಜಿನಿಂದೆದ್ದು ಹೊರಟುಹೋದನು. ಮರುದಿನವೇ ಆಸ್ಪತ್ರೆಯನ್ನು ಸೇರಿದನು. ಮಾರ್ಚ್ 13ರಂದು ತೀರಿಕೊಂಡನು. ವಹಿಸಿಕೊಂಡ ಕೆಲಸ ಮುಗಿಯುವವರೆಗೆ ಪ್ರಾಣವನ್ನು ಹಿಡಿದು ನಿಲ್ಲಿಸಿದ್ದನೋ ಎಂಬಂತೆ ಎರಡು ತಿಂಗಳ ಅಂತರದಲ್ಲಿ ಎರಡೂ ಮುಗಿದವು. ಸಂಗ್ರಹಾಲಯದ ದಾಖಲೆಯಲ್ಲಿ ಆತನ ದಾನಕ್ಕೆ ಇರುವ ಸಂಖ್ಯೆ 63.350 ಎಂದು ಮೊದಲಾಗುತ್ತದೆ. ಜೀವನವೆಲ್ಲ ಇತರ ವಸ್ತುಗಳಿಗೆ ಸಂಖ್ಯೆ ಕೊಟ್ಟವನಿಗೆ ತಾನೂ ಒಂದು ಸಂಖ್ಯೆಯಲ್ಲಿ ಸೇರಿಹೋಗುವುದು ಒಪ್ಪುವ ಗತಿಯೇ ಆಗಿತ್ತು.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳುವುದು ನ್ಯಾಯ. ಅಂಟಿಸಿದ ಕಾರ್ಡಿನ ಹಿಂಬದಿ ಕಾಣುವುದಿಲ್ಲ. ಟಿ-206ರ ಹಿಂಬದಿಯಲ್ಲಿ ತಂಬಾಕಿನ ಜಾಹೀರಾತು ಮಾತ್ರವಿದ್ದರೂ, ಯಾವ ಕಾರ್ಡು ಯಾವ ಗುರುತಿನೊಡನೆ ಬಂದಿತೆಂಬುದು ಅದರಿಂದಲೇ ತಿಳಿಯಬೇಕು. 1911ರ ಟಿ-205 ಮಾಲೆಯಲ್ಲಂತೂ ಆಟಗಾರನ ಸಂಕ್ಷಿಪ್ತ ಜೀವನಚರಿತ್ರೆ ಹಿಂಬದಿಯಲ್ಲಿಯೇ ಇತ್ತು. ಚಿತ್ರವನ್ನು ಕಾಪಾಡಿದ ಅಂಟು ಬರಹವನ್ನು ಮುಚ್ಚಿತು. ಆದರೆ ಅದೇ ಅಂಟಿನಿಂದ ಸಂಗ್ರಹ ಚದುರದೆ ನಿಂತಿತೆಂಬುದನ್ನೂ ಮರೆಯಲಾಗದು. ಇದಕ್ಕಿಂತ ದೊಡ್ಡದಾದ ಇನ್ನೊಂದು ಕೊರತೆಗೆ ಬರ್ಡಿಕ್ ಕಾರಣನಲ್ಲ. ಟಿ-206ರ 524 ಕಾರ್ಡುಗಳಲ್ಲಿ ಒಬ್ಬನೇ ಒಬ್ಬ ಕರಿಯ ಆಟಗಾರನಿಲ್ಲ. ಅಂದಿನ ಪ್ರಧಾನ ಲೀಗುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮೊದಲು ತೆರೆದುದು 1947ರಲ್ಲಿ, ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದಲ್ಲಿ ಆಡಿದಾಗ. ಬರ್ಡಿಕ್ ಸಂಗ್ರಹಾಲಯಕ್ಕೆ ಪತ್ರ ಬರೆದ ವರ್ಷವೂ ಅದೇ. ಸಂಗ್ರಾಹಕನು ಎಷ್ಟೇ ಸಮದೃಷ್ಟಿಯವನಾದರೂ, ಅಚ್ಚಾಗದ ಮುಖವನ್ನು ಅಂಟಿಸಲಾರ. ದೊಡ್ಡವರನ್ನೂ ಚಿಕ್ಕವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಆ ಸಂಪುಟಗಳನ್ನು ಮಗುಚುವಾಗ, ಆ ಸಾಲಿಗೆ ಬರಲು ಅಪ್ಪಣೆಯಿಲ್ಲದವರನ್ನೂ ನೆನೆಯಬೇಕಾಗುತ್ತದೆ.

ಬರ್ಡಿಕ್‌ನ ಅನಂತರ ಕಾಲ ಬದಲಾಯಿತು. ಮಕ್ಕಳ ಆಟಿಕೆಯಾಗಿದ್ದ ಕಾರ್ಡು ಹಣ ಹೂಡುವವರ ಸರಕಾಯಿತು. ಆತನು 50 ಡಾಲರ್ ಬೆಲೆ ಬರೆದಿದ್ದ ವ್ಯಾಗ್ನರನ ಕಾರ್ಡಿನ ಪ್ರತಿಯೊಂದು 2022ರಲ್ಲಿ 72 ಲಕ್ಷ 50 ಸಾವಿರ ಡಾಲರುಗಳಿಗೆ ಕೈಬದಲಾಯಿತು. ಅಂಥದೇ ಒಂದು ಪ್ರತಿ ಬರ್ಡಿಕ್‌ನ ಸಂಪುಟದಲ್ಲಿಯೂ ಉಂಟು. ಆದರೆ ಅದಕ್ಕೆ ಅಲ್ಲಿ ವಿಶೇಷ ಸಿಂಹಾಸನವೇನೂ ಇಲ್ಲ. ತನ್ನ ಮಾಲೆಯ ಉಳಿದ ಕಾರ್ಡುಗಳ ನಡುವೆ, ಪವರ್ಸ್, ಟೇಲರ್, ಡಾಯ್ಲ್‌ರಂಥವರ ಸಂಗಡ, ಅದೇ ಅಂಟಿನಿಂದ ಅದೂ ಕುಳಿತಿದೆ. ಬೆಲೆ ಕಟ್ಟುವವರು ಒಂದನ್ನು ಎತ್ತಿ ಉಳಿದವನ್ನು ಬಿಡುತ್ತಾರೆ. ಚರಿತ್ರೆಯನ್ನು ಕಟ್ಟುವವರು ಒಂದನ್ನೂ ಬಿಡಲಾರರು. ಸಾಹಿತ್ಯಚರಿತ್ರೆಯನ್ನು ಓದುವ ನಮ್ಮ ವಿದ್ಯಾರ್ಥಿಗಳು ಮಹಾಕವಿಗಳ ನಾಲ್ಕು ಹೆಸರುಗಳಲ್ಲಿಯೇ ತೃಪ್ತರಾಗದೆ, ಸಾಲಿನ ಕೊನೆಯಲ್ಲಿ ನಿಂತವರ ಕಡೆಗೂ ಒಮ್ಮೆ ಕಣ್ಣು ಹಾಯಿಸುವುದಾದರೆ, ಸಿರಕ್ಯೂಸಿನ ಆ ಕೆಲಸಗಾರನ ಬಾಳಿನಿಂದ ಅವರು ಕಲಿಯಬಹುದಾದುದು ಬಹಳವಿದೆ.